ಹರಿದು ಕೊಟ್ಟ ಹಾಳೆ

ಬಿ.ಎಸ್ಸಿ. ಎರಡನೆಯ ವರ್ಷದಲ್ಲಿದ್ದಾಗ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಕ್ಕೆಂದು ನಾವು ಮೂವತ್ತು ಮಂದಿ ನಮ್ಮ ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿಗೆ ಹೋಗಿದ್ದೆವು. ಬೆಳಗ್ಗೆ ರಸ್ತೆ ದುರಸ್ತಿ, ಮಧ್ಯಾಹ್ನದ ಊಟದ ಬಳಿಕ ಮನೆಮನೆಗೆ ಹೋಗಿ ಕುಡಿಯುವ ನೀರಿನ ಸಮೀಕ್ಷೆ. ಅಚ್ಚು ಹಾಕಿಸಿದ ಫಾರಂ ಕೈಯಲ್ಲಿತ್ತು. ನೀರಿನ ಮೂಲ ಎಂಬಲ್ಲಿ ಬಾವಿ, ಕೊಳವೆ ಬಾವಿ, ನಳ್ಳಿ, ಇತರ ಎಂಬ ನಾಲ್ಕು ಚೌಕಗಳಿದ್ದವು. ಮೊದಲ ದಿನ ನಾನು ಹೋದ ಏಳು ಮನೆಗಳಲ್ಲಿ ಐದು ಮನೆಗಳ ಗುರುತು ‘ಇತರ’ ಎಂಬ ಚೌಕಕ್ಕೇ ಬಿತ್ತು, ಏಕೆಂದರೆ ಅವರು ಕುಡಿಯುತ್ತಿದ್ದುದು ಸುರಂಗದ ನೀರು. ಗುಡ್ಡದ ಮುರಕಲ್ಲನ್ನು ಅಡ್ಡಕ್ಕೆ ಕೊರೆದು ಒಳಹೋಗುವ ಸುರಂಗವನ್ನು ನಮ್ಮ ಕಡೆಯವರಿಗೆ ವಿವರಿಸಬೇಕಾಗಿಲ್ಲ. ಆದರೆ ಆ ಫಾರಂ ತಯಾರಿಸಿದವರು ಅದನ್ನು ಕಂಡವರಲ್ಲ.

ರಾತ್ರಿ ಶಾಲೆಯ ಜಗಲಿಯಲ್ಲಿ ಕುಳಿತು ಫಾರಂಗಳನ್ನು ತಿರುವಿ ಹಾಕಿದ ನಮ್ಮ ಗಣಿತದ ಮಾಸ್ಟ್ರು ಏನೂ ಹೇಳಲಿಲ್ಲ. ಮರುದಿನ ಬೆಳಗ್ಗೆ ರಸ್ತೆ ಕೆಲಸಕ್ಕೆ ನಾಲ್ಕು ಜನರನ್ನು ಕಡಿಮೆ ಮಾಡಿ, ನಮ್ಮನ್ನು ಕರೆದುಕೊಂಡು ಗುಡ್ಡದ ಬದಿಯ ಒಂದು ಮನೆಗೆ ಹೋದರು. ಅಂಗಳದ ಕೆಳಗೇ ನಿಂತು, “ಅಕ್ಕಾ, ನೀರು ಹೇಗೆ ಬರ್ತದೆ ಅಂತ ಮಕ್ಕಳಿಗೆ ಒಮ್ಮೆ ನೋಡ್ಬೇಕಂತೆ. ಪುರುಸೊತ್ತಿಲ್ಲದಿದ್ರೆ ನಾಳೆ ಬರ್ತೇವೆ, ಬೇಡ ಅಂದ್ರೆ ಅದೂ ಆಯ್ತು,” ಎಂದರು. ಆ ತಾಯಿ ಸ್ವಲ್ಪ ಹೊತ್ತು ಯೋಚಿಸಿ, ಬನ್ನಿ ಎಂದರು. ಅವರು ಯೋಚಿಸುತ್ತಿದ್ದಷ್ಟು ಹೊತ್ತೂ ಮಾಸ್ಟ್ರು ಮೆಟ್ಟಿಲಿಗೆ ಕಾಲಿಡಲಿಲ್ಲ ಎಂಬುದು ನನಗೆ ಈಗಲೂ ಸ್ಪಷ್ಟವಾಗಿ ನೆನಪಿದೆ.

ನಾವು ಕಂಡದ್ದು ಇಷ್ಟು. ಸುರಂಗದ ಬಾಯಿಯಿಂದ ಪೈಪು ಮಣ್ಣಿನಡಿಯಲ್ಲಿ ಇಳಿದು ಬಂದು ಅಂಗಳದ ಮೂಲೆಯ ತೊಟ್ಟಿಗೆ ಸೇರುತ್ತದೆ. ರಾತ್ರಿಯಿಡೀ ಪೈಪಿನಲ್ಲಿ ನಿಂತ ನೀರನ್ನು ಅವರು ಮೊದಲು ಬಾಳೆಯ ಬುಡಕ್ಕೆ ಬಿಡುತ್ತಾರೆ. ಆಮೇಲೆ ಪೈಪಿನ ತುದಿಗೆ ಬಟ್ಟೆ ಕಟ್ಟಿ ಕೊಡಪಾನ ಇಡುತ್ತಾರೆ, ಅದು ತುಂಬುವಷ್ಟರಲ್ಲಿ ಒಲೆ ಹೊತ್ತಿಸಿ ಬರುತ್ತಾರೆ. ಶಿವರಾತ್ರಿ ಕಳೆದ ಮೇಲೆ ಧಾರೆ ದಾರದಷ್ಟು ಸಣ್ಣದಾಗುವುದರಿಂದ ಈ ಕ್ರಮವೇ ತಿರುವುಮುರುವಾಗುತ್ತದೆ: ಮೊದಲು ಕೊಡಪಾನ, ಒಲೆ ಎಷ್ಟೋ ಹೊತ್ತಿನ ಮೇಲೆ. ಎಲೆಯೋ ಏಡಿಯೋ ಸಿಕ್ಕಿ ಪೈಪು ಕಟ್ಟಿದರೆ ಸುರಂಗದೊಳಗೆ ಹೋಗಬೇಕು. ಅದಕ್ಕೆ ಮಗ ಬೇಕು, ಮಗ ಪೇಟೆಯಲ್ಲಿ ಕೆಲಸಕ್ಕಿದ್ದಾನೆ, ಹಾಗಾಗಿ ಪಕ್ಕದ ಮನೆಯವರನ್ನು ಕರೆಯಬೇಕು. ನೀರು ತರುವವರು ಯಾರು ಎಂಬ ಫಾರಂನ ಪ್ರಶ್ನೆಗೆ ಆ ಮನೆಯಲ್ಲಿ ತಿಂಗಳಿಗೊಂದು ಉತ್ತರವಿತ್ತು.

ಮಾತು ಮುಂದುವರಿದಂತೆ ಆ ತಾಯಿ ಪಕ್ಕದ ಮನೆಯವರೊಡನೆ ಇದ್ದ ಒಂದು ಬೇಸರವನ್ನೂ ಹೇಳಿದರು. ಹೇಳಿ ಮುಗಿಸಿ, “ಇದನ್ನೆಲ್ಲ ಬರೀಬೇಡ ಮಗಾ,” ಎಂದರು. ನಾನು ಆಗಲೇ ಬರೆದಾಗಿತ್ತು. ಅಡ್ಡಗೆರೆ ಎಳೆಯಲು ಹೋದಾಗ ಮಾಸ್ಟ್ರು ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡು, ಅಷ್ಟು ಭಾಗವನ್ನು ಹರಿದು, ಚೂರನ್ನು ಅವರ ಕೈಗೇ ಕೊಟ್ಟರು. ಉಳಿದದ್ದನ್ನು ಅವರೆದುರು ಗಟ್ಟಿಯಾಗಿ ಓದಲು ನನಗೆ ಹೇಳಿದರು. ನಾನು ಓದಿದೆ, ಅವರು ಎರಡು ಕಡೆ ತಿದ್ದಿದರು.

ಆ ಊರಿನಲ್ಲಿ ಹೀಗೆ ನಡೆದುಕೊಳ್ಳುವುದಕ್ಕೆ ಬೇರೆಯೇ ಒಂದು ತೂಕವಿತ್ತು. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸುವುದು 2000ದಲ್ಲಿ ನಿಂತಿತ್ತು. ನಾವು ಹೋದಾಗ ನಾಲ್ಕು ವರ್ಷ ಕಳೆದಿತ್ತಷ್ಟೆ. ರೋಗಪೀಡಿತ ಮಕ್ಕಳಿದ್ದ ಮನೆಗಳಿಗೆ ತಂಡದ ಮೇಲೆ ತಂಡ ಬಂದು, ಪ್ರಶ್ನೆ ಕೇಳಿ, ಫೋಟೋ ತೆಗೆದು ಹೋಗಿದ್ದವು. ಬರೆದುಕೊಂಡು ಹೋದವರಲ್ಲಿ ಏನು ಬರೆದೆವೆಂದು ತಿರುಗಿ ಬಂದು ಹೇಳಿದವರು ಯಾರೂ ಇಲ್ಲವೆಂದು ಆ ತಾಯಿ ತುಳುವಿನಲ್ಲಿ ಹೇಳಿದ ಮಾತಿನಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ದೇಶದಾದ್ಯಂತ ಆ ಕೀಟನಾಶಕಕ್ಕೆ ಸುಪ್ರೀಂ ಕೋರ್ಟಿನ ತಡೆ ಬಂದದ್ದು 2011ರಲ್ಲಿ. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಅದೇ ನ್ಯಾಯಾಲಯ ಕೇರಳ ಸರಕಾರಕ್ಕೆ ಆದೇಶಿಸಿದ್ದು 2017ರಲ್ಲಿ.

ಓದು ಮುಗಿಸಿ ನಾನು ಸೇರಿದ್ದು ಕಂಪ್ಯೂಟರ್ ಮತ್ತು ಮೊಬೈಲ್ ಪರದೆಗಳನ್ನು ವಿನ್ಯಾಸ ಮಾಡುವ ಕೆಲಸಕ್ಕೆ. ಯಾವ ಗುಂಡಿ ಎಲ್ಲಿರಬೇಕು, ಒಂದನ್ನು ಒತ್ತಿದ ಮೇಲೆ ಏನು ಕಾಣಬೇಕು ಎಂದು ನಿರ್ಧರಿಸುವ ಮೊದಲು ಬಳಸುವವರು ನಿಜವಾಗಿ ಮಾಡುವ ಕೆಲಸವೇನು ಎಂದು ಬಿಡಿಸಿ ನೋಡಬೇಕು. ಇದನ್ನು ಕಾರ್ಯವಿಶ್ಲೇಷಣೆ ಎನ್ನುತ್ತಾರೆ. ಬ್ರಿಟನ್ನಿನ ಜಾನ್ ಆನೆಟ್ ಮತ್ತು ಕೀತ್ ಡಂಕನ್ 1967ರಲ್ಲಿ, ಕೆಲಸಗಾರರ ತರಬೇತಿಯನ್ನು ಮನಸ್ಸಿನಲ್ಲಿಟ್ಟು ರೂಪಿಸಿದ ಕ್ರಮ ಇಂದಿಗೂ ಬಳಕೆಯಲ್ಲಿದೆ: ಮೇಲೆ ಒಂದು ಗುರಿ, ಅದರ ಕೆಳಗೆ ಉಪಗುರಿಗಳು, ಅವುಗಳನ್ನು ಯಾವ ಸಂದರ್ಭದಲ್ಲಿ ಯಾವ ಅನುಕ್ರಮದಲ್ಲಿ ಮಾಡುತ್ತಾರೆ ಎಂಬ ಯೋಜನೆ. ಎಲ್ಲಿಯವರೆಗೆ ಬಿಡಿಸುತ್ತ ಹೋಗಬೇಕು ಎಂಬುದಕ್ಕೂ ಅವರು ಉತ್ತರ ಕೊಟ್ಟಿದ್ದಾರೆ. ಆ ಹೆಜ್ಜೆಯಲ್ಲಿ ತಪ್ಪಾಗುವ ಸಂಭವವನ್ನು ತಪ್ಪಾದರೆ ಆಗುವ ನಷ್ಟದಿಂದ ಗುಣಿಸಿದಾಗ ಬರುವುದು ಸಹಿಸಬಹುದಾದಷ್ಟಿದ್ದರೆ ಅಲ್ಲಿಗೆ ನಿಲ್ಲಿಸಬಹುದು, ಇಲ್ಲವಾದರೆ ಇನ್ನೂ ಬಿಡಿಸಬೇಕು. ಮೊದಲ ಬಾರಿ ಇದನ್ನು ಓದಿದಾಗ ನನ್ನ ಕಣ್ಣ ಮುಂದೆ ಬಂದದ್ದು ಬಾಳೆಯ ಬುಡಕ್ಕೆ ಬಿಟ್ಟ ನೀರು ಮತ್ತು ಶಿವರಾತ್ರಿಯ ಅನಂತರ ತಿರುವುಮುರುವಾಗುವ ಆ ಕ್ರಮ. ಮಾಸ್ಟ್ರು ಈ ಹೆಸರುಗಳನ್ನು ಕೇಳಿರಲಿಕ್ಕಿಲ್ಲ, ಆದರೆ ಕೆಲಸವನ್ನು ನೋಡುವುದು ಹೇಗೆಂದು ಅವರಿಗೆ ತಿಳಿದಿತ್ತು.

ಅವರು ಕಲಿಸಿದ್ದರ ಇನ್ನೊಂದು ಭಾಗವನ್ನು ನಾನು ಒಮ್ಮೆ ಮರೆತೆ. ಆರಂಭದ ವರ್ಷಗಳಲ್ಲಿ ಒಂದು ಸಂಸ್ಥೆಯಲ್ಲಿ, ಅಡಿಕೆ ಧಾರಣೆ ತಿಳಿಸುವ ಆ್ಯಪ್ ಒಂದರ ಪರೀಕ್ಷೆಗೆ ವಯಸ್ಸಾದ ಕೃಷಿಕರೊಬ್ಬರನ್ನು ಕರೆಸಿದ್ದೆವು. ಅದರಲ್ಲಿ ಅಡಿಕೆ ಎಂಬ ಒಂದೇ ಹೆಸರು, ಒಂದೇ ಬೆಲೆ. ಹೊಸ ಅಡಿಕೆ, ಇಟ್ಟು ಹಳತಾದ ಸಿಂಗಲ್ ಚೋಲ್, ಡಬ್ಬಲ್ ಚೋಲ್, ಪಟೋರ, ಉಳ್ಳಿಗಡ್ಡೆ, ಕರಿಗೋಟು, ಕೋಕ ಎಂದು ಬೇರೆಬೇರೆಯಾಗಿ ಯೋಚಿಸುವ ಅವರಿಗೆ ಆ ಬೆಲೆ ಯಾವುದರದೆಂದು ತಿಳಿಯಲಿಲ್ಲ. ಅವರ ಬೆರಳು ಪರದೆಯ ಮೇಲೆ ನಡುಗುತ್ತಿತ್ತು. “ನನಗೆ ಓದು ಕಡಿಮೆ, ಕ್ಷಮಿಸಬೇಕು,” ಎಂದು ಅವರು ಎರಡು ಸಲ ಹೇಳಿದರು. ಪಕ್ಕದ ಕೋಣೆಯಲ್ಲಿ ಆ ದೃಶ್ಯ ನೋಡುತ್ತಿದ್ದವರು ನಕ್ಕರು. ಕೆಲವು ದಿನಗಳ ಬಳಿಕ ಅದೇ ವೀಡಿಯೊವನ್ನು ಅವರನ್ನು ಕೇಳದೆ ಒಂದು ಸಭೆಯಲ್ಲಿ ತೋರಿಸಲಾಯಿತು. ತಪ್ಪು ಪರದೆಯದ್ದು, ನಿಮ್ಮದಲ್ಲ ಎಂದು ನಾನು ಅವರಿಗೆ ಹೇಳಬೇಕಿತ್ತು, ಹೇಳಲಿಲ್ಲ. ಆ ದಿನದ ನಾಚಿಕೆ ಇನ್ನೂ ಹೋಗಿಲ್ಲ.

ಆಮೇಲೆ ನಾನು ಹುಡುಕಿ ಓದಿದ್ದು, ಮನುಷ್ಯರನ್ನು ಅಧ್ಯಯನಕ್ಕೆ ಒಳಪಡಿಸುವವರಿಗೆ ಜಗತ್ತು ಹಾಕಿಕೊಟ್ಟ ಕಟ್ಟಳೆಗಳನ್ನು. ನಾಜಿ ವೈದ್ಯರ ವಿಚಾರಣೆಯ ತೀರ್ಪಿನಿಂದ 1947ರಲ್ಲಿ ಹೊರಬಂದ ನ್ಯೂರೆಂಬರ್ಗ್ ಸಂಹಿತೆಯ ಹತ್ತು ಅಂಶಗಳಲ್ಲಿ ಮೊದಲನೆಯದು ಸ್ವಯಂಪ್ರೇರಿತ ಒಪ್ಪಿಗೆ. ಒಂಬತ್ತನೆಯದು, ಪ್ರಯೋಗದ ಮಧ್ಯದಲ್ಲೇ ಸಾಕೆಂದು ಹೇಳುವ ಸ್ವಾತಂತ್ರ್ಯ. ಹರಿದು ಕೊಟ್ಟ ಹಾಳೆಯನ್ನು ನಾನು ಈ ಒಂಬತ್ತನೆಯದರ ಪಕ್ಕದಲ್ಲಿಟ್ಟು ನೋಡುತ್ತೇನೆ. ಅಮೆರಿಕದ ಬೆಲ್ಮಂಟ್ ವರದಿ 1979ರಲ್ಲಿ ವ್ಯಕ್ತಿಗೆ ಗೌರವ, ಹಿತಸಾಧನೆ, ನ್ಯಾಯ ಎಂಬ ಮೂರು ತತ್ತ್ವಗಳನ್ನು ಹೇಳಿತು. ಕಷ್ಟ ಒಬ್ಬರಿಗೆ, ಲಾಭ ಇನ್ನೊಬ್ಬರಿಗೆ ಆಗಬಾರದೆಂಬ ಆ ಮೂರನೆಯ ತತ್ತ್ವವೇ ಎಣ್ಮಕಜೆಯ ತಾಯಿಯ ದಣಿದ ಮಾತಿನಲ್ಲಿತ್ತು.

ಇವೆಲ್ಲ ಆಸ್ಪತ್ರೆಗೆ ಸಂಬಂಧಿಸಿದ್ದು, ಗುಂಡಿ ಒತ್ತಿಸಿ ನೋಡುವವರಿಗೇಕೆ ಎಂದು ನನ್ನ ವೃತ್ತಿಯಲ್ಲೇ ಕೇಳುವವರಿದ್ದಾರೆ. 2012ರ ಜನವರಿಯಲ್ಲಿ ಫೇಸ್‌ಬುಕ್ ಒಂದು ವಾರ 6,89,003 ಬಳಕೆದಾರರ ಮುಂದೆ ಬರುವ ಬರಹಗಳಲ್ಲಿ ಸಂತೋಷದವನ್ನೋ ದುಃಖದವನ್ನೋ ಕಡಿಮೆ ಮಾಡಿ, ಅವರು ಬರೆಯುವುದು ಬದಲಾಗುತ್ತದೆಯೇ ಎಂದು ಪರೀಕ್ಷಿಸಿತ್ತು. 2014ರಲ್ಲಿ ಪ್ರಬಂಧ ಪ್ರಕಟವಾಗುವವರೆಗೂ ಅವರಿಗೆ ಅದು ತಿಳಿಯಲಿಲ್ಲ. ಖಾತೆ ತೆರೆಯುವಾಗ ಒಪ್ಪಿಕೊಂಡ ನಿಯಮಾವಳಿಯನ್ನೇ ಒಪ್ಪಿಗೆ ಎಂದು ಎಣಿಸಲಾಗಿತ್ತು. ಅಂಗಳದ ಕೆಳಗೆ ನಿಂತು ಕಾದವರ ಶಿಷ್ಯನಾದ ನನಗೆ ಅದನ್ನು ಒಪ್ಪಿಗೆ ಎನ್ನಲು ಸಾಧ್ಯವಿಲ್ಲ.

ಈಗ ನಮ್ಮ ತಂಡದಲ್ಲಿ, ಪರೀಕ್ಷೆಗೆ ಒಳಗಾಗುವುದು ಪರದೆ, ನೀವಲ್ಲ ಎಂದು ಮೊದಲೇ ಹೇಳುತ್ತೇವೆ. ವೀಡಿಯೊವನ್ನು ಯಾರು ನೋಡುತ್ತಾರೆ, ಯಾವಾಗ ಅಳಿಸುತ್ತೇವೆ ಎಂದು ತಿಳಿಸುತ್ತೇವೆ. ಮಧ್ಯದಲ್ಲಿ ಎದ್ದು ಹೋದರೂ ಗೌರವಧನ ಪೂರ್ತಿ ಕೊಡುತ್ತೇವೆ. ಭಾಷೆಯ ಪ್ರಶ್ನೆ ನಮ್ಮ ಜಿಲ್ಲೆಯಲ್ಲಿ ಇನ್ನಷ್ಟು ಸೂಕ್ಷ್ಮ. 2023ರ ದತ್ತಾಂಶ ಸಂರಕ್ಷಣಾ ಕಾಯಿದೆಯಂತೆ ಒಪ್ಪಿಗೆಯ ಕೋರಿಕೆಯನ್ನು ಇಂಗ್ಲಿಷಿನಲ್ಲಾಗಲಿ ಸಂವಿಧಾನದ ಎಂಟನೆಯ ಪರಿಚ್ಛೇದದ 22 ಭಾಷೆಗಳಲ್ಲೊಂದರಲ್ಲಾಗಲಿ ಓದುವ ಅವಕಾಶವಿರಬೇಕು. ಕನ್ನಡವೂ ಮಲಯಾಳವೂ ಆ ಪಟ್ಟಿಯಲ್ಲಿವೆ, ತುಳು ಇಲ್ಲ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ ಎಂದು ಬದುಕುವ ಹಿರಿಯರೊಬ್ಬರು ತಮಗೆ ಓದಲು ಬಾರದ ಲಿಪಿಯ ಕೆಳಗೆ ಹಾಕಿದ ಸಹಿಯನ್ನು ನಾನು ನೆಚ್ಚಲಾರೆ. ಅವರ ಮನೆಮಾತಿನಲ್ಲಿ ಹೇಳಿ, ಅವರಿಗೆ ಅರ್ಥವಾದದ್ದನ್ನು ಅವರ ಬಾಯಿಂದಲೇ ಕೇಳಿ ಮುಂದುವರಿಯುತ್ತೇವೆ.

ಕಳೆದ ವರ್ಷ ಮತ್ತೊಂದು ಅಡಿಕೆ ಆ್ಯಪಿನ ಕೆಲಸಕ್ಕೆಂದು ಪೆರ್ಲದ ಸಮೀಪದ ಒಂದು ಮನೆಯಲ್ಲಿ ಎರಡು ದಿನ ಕುಳಿತಿದ್ದೆ. ಅಲ್ಲಿಯ ದೊಡ್ಡ ಕೆಲಸ ಬೆಲೆ ತಿಳಿಯುವುದಲ್ಲ, ಈಗ ಮಾರುವುದೋ ಚೋಲ್ ಆಗುವವರೆಗೆ ಇಟ್ಟುಕೊಳ್ಳುವುದೋ ಎಂದು ತೀರ್ಮಾನಿಸುವುದು ಎಂದು ಕಂಡುಕೊಂಡೆ. ಅಲ್ಲಿ ತಪ್ಪಿದರೆ ವರ್ಷದ ಫಸಲಿಗೇ ಪೆಟ್ಟು, ಹಾಗಾಗಿ ಆ ಹೆಜ್ಜೆಯನ್ನೇ ಹೆಚ್ಚು ಬಿಡಿಸಿ ಬರೆದೆ. ಹೊರಡುವ ಮೊದಲು ಬರೆದದ್ದನ್ನೆಲ್ಲ ಗಂಡಹೆಂಡಿರಿಬ್ಬರ ಮುಂದೆ ಓದಿದೆ. ಮನೆಯ ಯಜಮಾನರು ತೀರ್ಮಾನಿಸುತ್ತಾರೆ ಎಂಬ ಸಾಲಿಗೆ ಬಂದಾಗ ಆ ಅಕ್ಕ ತಡೆದರು. ಶಾಲೆಯ ಫೀಸು, ಸಂಘದ ಕಂತು, ಆಳುಗಳ ಕೂಲಿ ಯಾವಾಗ ಬೇಕೆಂದು ಲೆಕ್ಕ ಇಟ್ಟು, ಮಾರುವ ದಿನ ಹೇಳುವುದು ತಾನು, ಗೋಣಿ ಕೊಂಡುಹೋಗುವುದು ಮಾತ್ರ ಅವರು ಎಂದರು. ಯಜಮಾನರು ಹೌದೆಂದು ತಲೆಯಾಡಿಸಿದರು. ಅಲ್ಲಿಯೇ ಕುಳಿತು ಆ ಸಾಲನ್ನು ಹೊಡೆದುಹಾಕಿದೆ. ಒಂದು ಖಾತೆಗೆ ಒಂದೇ ಫೋನ್ ನಂಬರ್ ಎಂದು ನಾವು ಮಾಡಿಟ್ಟಿದ್ದ ವಿನ್ಯಾಸವೂ ಮರುವಾರ ಬದಲಾಯಿತು. ಈಗ ಅದರಲ್ಲಿ ಎರಡು ನಂಬರಿಗೆ ಜಾಗವಿದೆ.