ಪಿಟಿ-76: ಇನ್ನು ಕೆಸರಿನ ಕೆಲಸ

ಹಸಿರು ಬಣ್ಣ ಮುಗಿಯಿತು. ಡೆಕಾಲ್ (ನೀರಲ್ಲಿ ನೆನೆಸಿ ಅಂಟಿಸುವ ಗುರುತಿನ ಚಿತ್ರ) ಕೂತಿದೆ, ಮೇಲಿನ ಗ್ಲಾಸ್, ಅಂದರೆ ಹೊಳಪಿನ ವಾರ್ನಿಷ್ ಒಣಗಿದೆ. ಟ್ರಂಪೆಟರ್ ಕಂಪನಿಯ ಪಿಟಿ-76 ಟ್ಯಾಂಕ್‌ನ 1/35 ಅಳತೆಯ ಪ್ಲಾಸ್ಟಿಕ್ ಮಾಡೆಲ್ ಸದ್ಯಕ್ಕೆ ಜಾತ್ರೆಯ ಆಟಿಕೆ ಥರ ಫಳಫಳ ಹೊಳೆಯುತ್ತಿದೆ. ಇದನ್ನು ಈಗಿನ ಬಾಂಗ್ಲಾದೇಶದ ಜೆಸ್ಸೋರ್ ಕಡೆಯ ಗರೀಬ್‌ಪುರದಲ್ಲಿ ಕಾದಾಡಿದ ಟ್ಯಾಂಕ್ ಮಾಡಬೇಕು. 1971ರ ನವೆಂಬರ್ 21, ದಟ್ಟ ಮಂಜಿನ ಬೆಳಿಗ್ಗೆ, ಭಾರತೀಯ ಸೇನೆಯ 45 ಕ್ಯಾವಲ್ರಿ ರೆಜಿಮೆಂಟಿನ ಪಿಟಿ-76ಗಳು ಪಾಕಿಸ್ತಾನದ ಚಾಫಿ ಟ್ಯಾಂಕ್‌ಗಳನ್ನು ಎದುರಿಸಿದ್ದು ಅಲ್ಲೇ.

ಹಾಗಾಗಿ ತುಕ್ಕು ಬೇಡ ಅಂತ ಮೊದಲೇ ತೀರ್ಮಾನಿಸಿದೆ. ಟ್ಯಾಂಕ್ ಅಂದ ತಕ್ಷಣ ಕೈ ತುಕ್ಕಿನ ಬಣ್ಣದ ಡಬ್ಬಿಗೇ ಹೋಗುತ್ತದೆ, ಅಲ್ವಾ? ಆದರೆ ಇದು ಗುಜರಿ ಗಾಡಿಯಲ್ಲ, ರೆಜಿಮೆಂಟ್‌ನಲ್ಲಿ ದಿನಾ ಓಡುತ್ತಿದ್ದ ಗಾಡಿ. ಬಣ್ಣ ಕಿತ್ತ ಗುರುತನ್ನೂ ಹ್ಯಾಚ್‌ನ ಅಂಚಿಗೆ, ಸಿಬ್ಬಂದಿ ಕಾಲಿಡುವ ಜಾಗಕ್ಕೆ ಮಾತ್ರ ಸ್ಪಂಜಿನ ಚೂರಿನಿಂದ ತಾಗಿಸಿದೆ. ಮಾಡೆಲ್ ಮೇಲಿನ 1 ಮಿ.ಮೀ. ಕಲೆ ಅಂದರೆ ನಿಜವಾದ ಟ್ಯಾಂಕ್ ಮೇಲೆ 35 ಮಿ.ಮೀ. ಈ ಲೆಕ್ಕ ತಲೆಯಲ್ಲಿದ್ದರೆ ಕೈ ತಾನೇ ಹಿಡಿತಕ್ಕೆ ಬರುತ್ತದೆ.

ಆಮೇಲೆ ವಾಶ್, ಅಂದರೆ ಸಂದಿಗಳಲ್ಲಿ ಕೊಳೆಯಂತೆ ಕೂರುವ ನೀರಾದ ಕಡು ಬಣ್ಣ. ಬರ್ಂಟ್ ಅಂಬರ್ (ಕಡು ಕಂದು) ಆಯಿಲ್ ಪೇಂಟನ್ನು ರಟ್ಟಿನ ಮೇಲೆ ಸ್ವಲ್ಪ ಹೊತ್ತು ಬಿಟ್ಟರೆ ಎಣ್ಣೆಯನ್ನು ರಟ್ಟು ಹೀರುತ್ತದೆ, ಒಣಗಿದ ಮೇಲೆ ಜಿಡ್ಡು ಹೊಳಪು ಬರುವುದಿಲ್ಲ. ಅದನ್ನು ತೆಳುವಾಗಿ ಕಲಸಿ ಬೋಲ್ಟ್, ಬೆಸುಗೆ ಗೆರೆಗಳ ಸುತ್ತ ಮಾತ್ರ ಬಿಟ್ಟೆ. ಇಡೀ ಗಾಡಿಗೆ ಸುರಿಯುವ ಪದ್ಧತಿ ನನಗೆ ಇಷ್ಟವಿಲ್ಲ. ಎಲ್ಲ ಕಡೆ ಒಂದೇ ಥರ ಕೊಳೆಯಾಗುತ್ತದೆ. ಜೊತೆಗೆ ತಿನ್ನರ್ ಜಾಸ್ತಿಯಾಗಿ ಸಂದಿಗೆ ಇಳಿದರೆ ಪ್ಲಾಸ್ಟಿಕ್ ಸೀಳುವ ಭಯ ಬೇರೆ. ಇದಾದ ಮೇಲೆ ಮ್ಯಾಟ್, ಅಂದರೆ ಹೊಳಪಿಲ್ಲದ ವಾರ್ನಿಷ್ ಹೊಡೆದೆ.

ಈಗ ಅಸಲಿ ಕೆಲಸ, ಕೆಸರು. ಮನೆ ಹಿಂದಿನ ಕೆಮ್ಮಣ್ಣನ್ನೇ ಜರಡಿ ಹಿಡಿದು ಹಚ್ಚುವ ಆಸೆ ಯಾರಿಗೂ ಬರುತ್ತದೆ. ಆದರೆ ಜೆಸ್ಸೋರ್ ಕಡೆಯದು ನದಿ ತಂದ ಮೆಕ್ಕಲು ಮಣ್ಣು. ಹಸಿಯಿದ್ದಾಗ ಕಡು ಬೂದು, ಒಣಗಿದರೆ ಮಾಸಲು. ಅದಕ್ಕೆ ಪ್ಲಾಸ್ಟರ್ ಆಫ್ ಪ್ಯಾರಿಸ್, ಕೆರೆದು ಪುಡಿ ಮಾಡಿದ ಬೂದು-ಕಂದು ಸಾಫ್ಟ್ ಪೇಸ್ಟಲ್, ಒಂದಿಷ್ಟು ಅಕ್ರಿಲಿಕ್ ಬಣ್ಣ, ನೀರು ಬೆರೆಸಿದ ಫೆವಿಕಾಲ್ ಸೇರಿಸಿ ಕಲಸಿದೆ. ಪುಡಿಯನ್ನು ತೆಳು ಬಟ್ಟೆಯಲ್ಲಿ ಸೋಸಲೇಬೇಕು. ಅರ್ಧ ಮಿ.ಮೀ. ಹರಳು ಉಳಿದರೂ ಈ ಅಳತೆಯಲ್ಲಿ ಅದು 17.5 ಮಿ.ಮೀ. ದಪ್ಪದ ಕಲ್ಲು. ಮೆಕ್ಕಲು ಮಣ್ಣಲ್ಲಿ ಕಲ್ಲೆಲ್ಲಿಂದ ಬರಬೇಕು?

ಪಿಟಿ-76ಕ್ಕೆ ಒಂದೊಂದು ಪಕ್ಕದಲ್ಲಿ ಆರು ಚಕ್ರ. ಮೇಲೆ ಬೇರೆ ರೋಲರ್ ಇಲ್ಲ, ಟ್ರ್ಯಾಕ್ (ಚಕ್ರಗಳನ್ನು ಸುತ್ತುವ ಉಕ್ಕಿನ ಪಟ್ಟಿ) ಚಕ್ರಗಳ ನೆತ್ತಿಯ ಮೇಲೇ ಮಲಗಿ ಸಾಗುತ್ತದೆ. ಅದಕ್ಕೇ ಚಕ್ರಗಳ ನಡುವಿನ ಹಲ್ (ಟ್ಯಾಂಕಿನ ಒಡಲು) ಗೋಡೆಗೆ ಮತ್ತು ಫೆಂಡರ್ ಅಡಿಗೆ ದಪ್ಪ ಪದರ ಕೊಟ್ಟೆ. ಮೂತಿಯ ಕೆಳಭಾಗಕ್ಕೆ ಹಳೇ ಬ್ರಷ್ಷಿನಿಂದ ಎರಚಿದೆ. ಇದು ತೇಲುವ ಟ್ಯಾಂಕ್, ಹಿಂಬದಿಯ ಎರಡು ಜೆಟ್ ರಂಧ್ರಗಳಿಂದ ನೀರು ಚಿಮ್ಮಿ ಮುಂದೆ ಹೋಗುತ್ತದೆ. ನೀರಿಗಿಳಿದು ದಡ ಹತ್ತಿದ ಗಾಡಿ ಅಂದುಕೊಂಡು, ಆ ರಂಧ್ರಗಳ ಸುತ್ತ ಒದ್ದೆ ಬ್ರಷ್‌ನಿಂದ ಕೆಸರು ತೊಳೆದು ಹಸಿರು ಕಾಣಿಸಿದೆ. ಇಡೀ ಮಾಡೆಲ್‌ನಲ್ಲಿ ನನಗೆ ಜಾಸ್ತಿ ಹಿಡಿಸಿದ ಜಾಗ ಇದೇ.

ಟ್ರ್ಯಾಕ್ ಇನ್ನೂ ಬಾಕಿ. ಮೊದಲು ಅದೇ ಕೆಸರು, ಒಣಗಿದ ಮೇಲೆ ನೆಲಕ್ಕೆ ತಾಗುವ ಅಂಚುಗಳಿಗೆ 6ಬಿ ಪೆನ್ಸಿಲ್ ಉಜ್ಜಬೇಕು. ಹಸಿ ಕೆಸರಿನ ಹೊಳಪು ಕಟ್ಟಕಡೆಗೆ, ಕಂದು ಬೆರೆಸಿದ ಗ್ಲಾಸ್ ವಾರ್ನಿಷ್‌ನಲ್ಲಿ, ಕೆಳಗಿನ ಪದರಕ್ಕಷ್ಟೇ. ಅದರ ಮೇಲೆ ಇನ್ನು ಮ್ಯಾಟ್ ಹೊಡೆಯುವಂತಿಲ್ಲ, ಹೊಡೆದರೆ ಹೊಳಪೆಲ್ಲ ಸತ್ತುಹೋಗುತ್ತದೆ.