ಘಾಟಿಯಲ್ಲಿ ಸಿಕ್ಕಿಬಿದ್ದ ಟ್ಯೂಬು

ಶಿರಾಡಿ ಘಾಟಿಯಲ್ಲಿ ದೋಣಿಗಲ್ ದಾಟಿ ಸ್ವಲ್ಪ ದೂರ ಇಳಿದಿದ್ದೆವು ಅಷ್ಟೇ. ಮುಂದೆ ಹೋಗುತ್ತಿದ್ದ ಭಾವನ ಕಾರು ಎರಡು ಸಲ ಕೆಮ್ಮಿ ಪಕ್ಕಕ್ಕೆ ನಿಂತಿತು. ಪೆಟ್ರೋಲ್ ಖಾಲಿ. ಸಕಲೇಶಪುರದಲ್ಲೇ ಹಾಕಿಸು ಅಂದಿದ್ದೆ. "ಇಳಿಜಾರು ತಾನೇ, ಉಪ್ಪಿನಂಗಡಿವರೆಗೆ ಆರಾಮಾಗಿ ಹೋಗುತ್ತೆ" ಅಂದಿದ್ದ. ಮಂಗಳೂರಲ್ಲಿ ಮಧ್ಯಾಹ್ನ ಮದುವೆ. ಅಕ್ಕ ರೇಷ್ಮೆ ಸೀರೆಯಲ್ಲಿ ಕಾರಿಂದ ಇಳಿದು ನಿಂತಳು. ಏನೂ ಮಾತಾಡಲಿಲ್ಲ. ಅದೇ ಜಾಸ್ತಿ ಭಯ.

ನನ್ನ ಕಾರಿನ ಟ್ಯಾಂಕ್ ಫುಲ್ ಇತ್ತು. ಭಾವ ಕಟ್ಟಡದ ಕಂಟ್ರಾಕ್ಟರ್, ಅವನ ಡಿಕ್ಕಿಯಲ್ಲಿ ಮೇಸ್ತ್ರಿಗಳು ಮಟ್ಟ ನೋಡುವ ಟ್ಯೂಬು ಯಾವಾಗಲೂ ಇರುತ್ತದೆ. ಇಬ್ಬರಿಗೂ ಒಂದೇ ಯೋಚನೆ ಬಂತು. ನನ್ನ ಟ್ಯಾಂಕಿಗೆ ಟ್ಯೂಬು ಇಳಿಸೋದು, ಬಾಯಲ್ಲಿ ಎಳೆಯೋದು, ನೀರಿನ ಬಾಟಲಿಗೆ ಬಿಡೋದು. ನಮ್ಮ ದೊಡ್ಡಪ್ಪ ಅಂಬಾಸಿಡರ್ ಕಾಲದಲ್ಲಿ ಎಷ್ಟು ಸಲ ಮಾಡಿಲ್ಲ! ಒಂದು ಸಲ ಬಾಯಿ ತುಂಬ ಪೆಟ್ರೋಲ್ ಬಂದು, ಕೆಮ್ಮಿ ಕೆಮ್ಮಿ ಆಸ್ಪತ್ರೆಗೂ ಹೋಗಿದ್ದರು. ಪೆಟ್ರೋಲ್ ಹೊಟ್ಟೆಗೆ ಹೋಗುವುದಕ್ಕಿಂತ ಶ್ವಾಸಕೋಶಕ್ಕೆ ಇಳಿದರೆ ಅಪಾಯ ಅಂತ ಡಾಕ್ಟರು ಬೈದದ್ದು ನೆನಪಿದೆ. ಆ ಹೊತ್ತಿಗೆ ಮಾತ್ರ ನೆನಪಾಗಲಿಲ್ಲ, ನೋಡಿ.

ಟ್ಯೂಬು ಸಲೀಸಾಗಿ ಒಳಗೆ ಹೋಯಿತು. ಒಂದೂವರೆ ಅಡಿ ಹೋಗಿ ಟಪ್ ಅಂತ ನಿಂತಿತು. ತಿರುಗಿಸಿದೆ, ಮತ್ತೆ ನಿಂತಿತು. ಭಾವ ತುದಿಯನ್ನು ಓರೆಯಾಗಿ ಕತ್ತರಿಸಿ, ಬಲವಾಗಿ ಒತ್ತಿದ. ಏನೋ ಸರಿದ ಹಾಗಾಗಿ ಇನ್ನೊಂದೆರಡು ಇಂಚು ಹೋಯಿತು. ಎಳೆದು ನೋಡಿದರೆ ಬರೀ ವಾಸನೆ. ಸರಿ, ತೆಗೆಯೋಣ ಅಂದರೆ ಟ್ಯೂಬು ಹೊರಗೂ ಬರುತ್ತಿಲ್ಲ! ಈಗ ಒಂದು ಕಾರಿಗೆ ಪೆಟ್ರೋಲ್ ಇಲ್ಲ, ಇನ್ನೊಂದರ ಹೊಟ್ಟೆಯಿಂದ ಬಾಲ ನೇತಾಡುತ್ತಿದೆ. ಲಾರಿಯವರು ನಿಧಾನ ಮಾಡಿ ನೋಡಿಕೊಂಡು ಹೋಗುತ್ತಿದ್ದರು.

ಕೊನೆಗೆ ಸಕಲೇಶಪುರದ ಗ್ಯಾರೇಜಿಗೆ ಫೋನ್ ಮಾಡಿದೆವು. ಮುಕ್ಕಾಲು ಗಂಟೆಯಲ್ಲಿ ಮೆಕ್ಯಾನಿಕ್ ಬೈಕಿನಲ್ಲಿ ಬಂದ, ಕ್ಯಾನಿನಲ್ಲಿ ಪೆಟ್ರೋಲ್ ತಂದಿದ್ದ. ನಮ್ಮ ಬಾಲ ನೋಡಿ ನಕ್ಕ. "ಇದು ಒಳಗೆ ಬಿಡುತ್ತೆ ಸಾರ್, ಹೊರಗೆ ಬಿಡಲ್ಲ. ಅದಕ್ಕೇ ಇಟ್ಟಿರೋದು."

ಅಂಗೈಯನ್ನು ಬಾಗಿಲಿನ ಹಾಗೆ ಮಡಚಿ ತೋರಿಸಿದ. ಪೆಟ್ರೋಲ್ ಹಾಕುವ ಕೊಳವೆ ಟ್ಯಾಂಕಿಗೆ ಸೇರುವ ಕಡೆ ಸ್ಪ್ರಿಂಗ್ ಇರುವ ಒಂದು ಪುಟ್ಟ ಮುಚ್ಚಳ ಇರುತ್ತದಂತೆ. ಪೆಟ್ರೋಲ್ ಬಂದರೆ ಅದರ ರಭಸಕ್ಕೆ ಟ್ಯಾಂಕಿನ ಕಡೆ ತೆರೆದುಕೊಳ್ಳುತ್ತದೆ, ನಿಂತ ಕೂಡಲೇ ಮುಚ್ಚಿಕೊಳ್ಳುತ್ತದೆ. ನಾವು ತುರುಕಿದ ಟ್ಯೂಬನ್ನು ಅದು ಇಲಿಬೋನಿನ ಹಾಗೆ ಕಚ್ಚಿ ಹಿಡಿದಿತ್ತು. ಅವನು ವೈರಿಂಗಿಗೆ ಹಾಕುವ ಪ್ಲಾಸ್ಟಿಕ್ ಪೈಪನ್ನು ನಮ್ಮ ಟ್ಯೂಬಿನ ಮೇಲೆ ತೊಡಿಸಿ ಕೆಳಗಿಳಿಸಿದ. ಅದು ಮುಚ್ಚಳವನ್ನು ತಳ್ಳಿ ಹಿಡಿಯಿತು. ಒಳಗಿನ ಟ್ಯೂಬನ್ನು ಎಳೆದುಕೊಂಡ. ಎರಡು ನಿಮಿಷದ ಕೆಲಸ.

ಕಳ್ಳರಿಗೆ ಅಂತ ಮಾಡಿದ್ದಾ ಅಂತ ಕೇಳಿದೆ. "ಕಳ್ಳರು ಆಮೇಲೆ ಸಾರ್. ಈ ಘಾಟಿಯಲ್ಲಿ ಕಾರು ಪಲ್ಟಿ ಹೊಡೆದ್ರೆ ಏನಾಗುತ್ತೆ, ಯೋಚನೆ ಮಾಡಿ" ಅಂದ. ಕೆಳಗೆ ಕೆಂಪುಹೊಳೆಯ ಕಣಿವೆ. ಯೋಚನೆ ಮಾಡುವುದು ಕಷ್ಟವೇನೂ ಆಗಲಿಲ್ಲ. ಮೇಲಿನ ಕ್ಯಾಪ್ ಒಡೆದು ಹಾರಿಹೋದರೂ ಒಳಗಿನ ಮುಚ್ಚಳ ಟ್ಯಾಂಕನ್ನು ತಡೆದು ಹಿಡಿಯಬೇಕು. ಚೆಲ್ಲಿದ ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲದ ಮೇಲೇ ಹರಡಿಕೊಳ್ಳುತ್ತದೆ. ಒಂದು ಕಿಡಿ ಸಾಕು.

ಮದುವೆಗೆ ಊಟದ ಹೊತ್ತಿಗೆ ಮುಟ್ಟಿದೆವು. ಅಕ್ಕ ಮಾತಾಡಿದ್ದು ಪಾಯಸ ಬಂದ ಮೇಲೆ.

ವಾಪಸ್ ಬರುವಾಗ ಸುಮ್ನೆ ಅವನ ಗ್ಯಾರೇಜಿಗೆ ಹೋದೆ. ಮೂಲೆಯಲ್ಲಿ ಅಪಘಾತವಾದ ಕಾರಿನ ಟ್ಯಾಂಕ್ ಬಿದ್ದಿತ್ತು. ಅದರ ತಲೆಯ ಮೇಲಿನ ಹೆಬ್ಬೆರಳಿನಷ್ಟು ದಪ್ಪದ ವಾಲ್ವನ್ನು ಬಿಚ್ಚಿ, ತೊಳೆದು, ನನ್ನ ಕೈಗಿಟ್ಟ. ಊದಿ ನೋಡಿ ಅಂದ. ಊದಿದೆ, ಗಾಳಿ ಹೋಯಿತು. ತಲೆಕೆಳಗು ಮಾಡಿ ಊದಿ ಅಂದ. ಒಳಗೆ ಕಟ್ ಅಂತ ಏನೋ ಬಿತ್ತು, ಗಾಳಿ ನಿಂತುಹೋಯಿತು. ಮತ್ತೆ ನೇರ, ಮತ್ತೆ ತಲೆಕೆಳಗು. ಐದಾರು ಸಲ ಮಾಡಿದೆ. ಮಕ್ಕಳ ಆಟದ ಸಾಮಾನಿನ ಹಾಗಿತ್ತು. ಕರೆಂಟಿಲ್ಲ, ಸೆನ್ಸರ್ ಇಲ್ಲ, ಒಂದು ಸ್ಪ್ರಿಂಗು, ಒಂದು ತೇಲುಬುರುಡೆ. ಕಾರು ನೆಟ್ಟಗಿದ್ದಾಗ ಪೆಟ್ರೋಲಿನ ಆವಿ ಇದರ ಮೂಲಕ, ಆವಿಯನ್ನು ಹೀರಿ ಇಟ್ಟುಕೊಳ್ಳುವ ಇದ್ದಿಲಿನ ಡಬ್ಬಿಗೆ ಹೋಗುತ್ತದೆ, ಇಂಜಿನ್ ಓಡುವಾಗ ಆ ಆವಿಯನ್ನು ಎಳೆದುಕೊಂಡು ಸುಡುತ್ತದೆ. ಕಾರು ಮಗುಚಿದರೆ ದಾರಿ ಬಂದ್.

ಆಗ ಅವನು ಇನ್ನೊಂದು ಮಾತು ಹೇಳಿದ, ಅದು ನನಗೆ ನೇರ ತಗುಲಿತು. "ಫುಲ್ ಆದ ಮೇಲೂ ರೌಂಡ್ ಫಿಗರ್ ಮಾಡಿಸ್ತೀರಾ?" ಮಾಡಿಸ್ತೀನಿ. ಯಾರು ಮಾಡಿಸಲ್ಲ ಹೇಳಿ? ಬಂಕ್‌ನ ಪೆಟ್ರೋಲ್ ಗನ್ನಿನ ತುದಿಯಲ್ಲಿ ಒಂದು ಸಣ್ಣ ತೂತು ಇದೆ. ಪೆಟ್ರೋಲ್ ಹರಿಯುವಾಗ ಅದರಿಂದ ಗಾಳಿ ಎಳೆದುಕೊಳ್ಳುತ್ತಿರುತ್ತದೆ. ಪೆಟ್ರೋಲ್ ಮೇಲೆ ಬಂದು ಆ ತೂತು ಮುಚ್ಚಿದ ಕೂಡಲೇ ಗನ್ ಕಟ್ ಆಗುತ್ತದೆ. ಅಲ್ಲಿಗೆ ಟ್ಯಾಂಕಿನಲ್ಲಿ ಉಳಿದಿರುವ ಜಾಗ ಖಾಲಿ ಜಾಗವಲ್ಲ, ಬೇಕೆಂದೇ ಬಿಟ್ಟಿರುವುದು. ನೆಲದಡಿಯ ತಂಪು ಪೆಟ್ರೋಲ್ ಬಿಸಿಲಲ್ಲಿ ಉಬ್ಬುತ್ತದೆ. 40 ಲೀಟರ್ ಪೆಟ್ರೋಲ್ 10 ಡಿಗ್ರಿ ಬಿಸಿಯಾದರೆ ಸುಮಾರು 400 ಮಿಲಿಲೀಟರ್ ಜಾಸ್ತಿಯಾಗುತ್ತದೆ. ಕುತ್ತಿಗೆಯವರೆಗೆ ತುಂಬಿಸಿದರೆ ಆವಿ ಹೋಗಬೇಕಾದ ದಾರಿಯಲ್ಲಿ ಪೆಟ್ರೋಲೇ ನುಗ್ಗಿ, ಇದ್ದಿಲಿನ ಡಬ್ಬಿ ನೆನೆದು ಹಾಳಾಗುತ್ತದೆ. ನಾನು ಇಷ್ಟು ವರ್ಷ 40 ರೂಪಾಯಿ ಚಿಲ್ಲರೆಯ ತಲೆನೋವು ತಪ್ಪಿಸಲು ಅದನ್ನೇ ಮಾಡುತ್ತಿದ್ದೆ.

ಈಗ ಕಟ್ ಅಂದ ಕೂಡಲೇ ಸಾಕು ಅನ್ನುತ್ತೇನೆ. ಬಂಕ್ ಹುಡುಗ 1,963 ರೂಪಾಯಿ ನೋಡಿ ಮುಖ ಹುಳ್ಳಗೆ ಮಾಡುತ್ತಾನೆ.

ಮಟ್ಟ ನೋಡುವ ಟ್ಯೂಬು ಇನ್ನೂ ಭಾವನ ಡಿಕ್ಕಿಯಲ್ಲೇ ಇದೆ. ತುದಿಯಲ್ಲಿ ಮುಚ್ಚಳ ಕಚ್ಚಿದ ಗುರುತೂ ಇದೆ. ಎಷ್ಟು ತೊಳೆದರೂ ಪೆಟ್ರೋಲ್ ವಾಸನೆ ಹೋಗಿಲ್ಲ, ನೀರು ಎಳೆಯುವುದಕ್ಕೆ ಬಾಯಿ ಇಡಲು ಮೇಸ್ತ್ರಿಗಳು ಒಪ್ಪುತ್ತಿಲ್ಲವಂತೆ.