ಟರ್ಬೊಪ್ರಾಪ್ ದಾರಿಯಲ್ಲಿ: ಬೇಸಿಗೆಯಿಂದ ಮಳೆಗಾಲದವರೆಗೆ

ಮಾರ್ಚ್

ಖಾಸಗಿ ಪೈಲಟ್ ಲೈಸೆನ್ಸ್ ಕೈಗೆ ಬಂದಾಯಿತು. ಸಣ್ಣ ಪಿಸ್ಟನ್ ವಿಮಾನ ಸೆಸ್ನಾ 172 ಹಾರಿಸಬಹುದು. ಇನ್ನು ಮುಂದಿನ ಗುರಿ ಒಂಟಿ ಇಂಜಿನ್ನಿನ ಟರ್ಬೊಪ್ರಾಪ್, ಅಂದರೆ ಟರ್ಬೈನ್ ಇಂಜಿನ್ ಪ್ರೊಪೆಲ್ಲರ್ ತಿರುಗಿಸುವ ವಿಮಾನ. ಸೆಸ್ನಾ ಕ್ಯಾರವಾನ್ ಆದರೂ ಸರಿ, ಪಿಲಾಟಸ್ ಪಿಸಿ-12 ಆದರೆ ಹಬ್ಬ.

ಕೊಳ್ಳುವ ಮಾತಲ್ಲ ಇದು. ಅಷ್ಟು ದುಡ್ಡು ಎಲ್ಲಿಂದ ಬರಬೇಕು? ನಮ್ಮ ಭಾವ ಅಮೆರಿಕದಲ್ಲಿ ಗೆಳೆಯರ ಜೊತೆ ಸೇರಿ ಹಳೇ ಕ್ಯಾರವಾನ್ ಒಂದನ್ನು ಪಾಲಿನಲ್ಲಿ ಇಟ್ಟುಕೊಂಡಿದ್ದಾರೆ. ಕಾಗದಪತ್ರ ಸರಿಮಾಡಿಕೊಂಡು ಬಂದರೆ ಎಡಗಡೆಯ ಪೈಲಟ್ ಸೀಟು ಕೊಡುತ್ತೇನೆ ಅಂದಿದ್ದಾರೆ. ಹಾಗಾಗಿ ಯಾವ ಕಾಗದ, ಯಾವ ರೇಟಿಂಗ್ (ಲೈಸೆನ್ಸಿಗೆ ಸೇರುವ ಹೆಚ್ಚಿನ ಅನುಮತಿ), ಯಾವ ದೇಶದಲ್ಲಿ ಏನು ನಡೆಯುತ್ತದೆ ಎಂದು ಶಿರಸಿ ಮನೆಯ ಮಾಳಿಗೆಯಲ್ಲಿ ಕೂತು ಬಿಡಿಸುತ್ತಾ ಇದ್ದೇನೆ.

ಹೊಸಬರಿಗೆ ಬೇಗ ಹೇಳಿ ಮುಗಿಸುತ್ತೇನೆ. ನಮ್ಮಲ್ಲಿ ಖಾಸಗಿ ಲೈಸೆನ್ಸಿಗೆ 17 ವರ್ಷ ತುಂಬಿರಬೇಕು, ಹತ್ತನೇ ತರಗತಿ ಪಾಸಾಗಿರಬೇಕು, ಎರಡನೇ ದರ್ಜೆಯ ಮೆಡಿಕಲ್ ಬೇಕು, ಕನಿಷ್ಠ 40 ಗಂಟೆ ಹಾರಿರಬೇಕು. ಲಿಖಿತ ಪರೀಕ್ಷೆಗಳಲ್ಲಿ ನೂರಕ್ಕೆ 70 ಬರಬೇಕು. ರೇಡಿಯೋ ಲೈಸೆನ್ಸ್ ಬೇರೆ. ಅದರ ಪರೀಕ್ಷೆ ಮೊದಲು ದೂರಸಂಪರ್ಕ ಇಲಾಖೆಯ ಕೈಯಲ್ಲಿತ್ತು. ಭಾರತೀಯ ವಾಯುಯಾನ ಅಧಿನಿಯಮ 2025ರ ಜನವರಿಯಲ್ಲಿ ಜಾರಿಗೆ ಬಂದ ಮೇಲೆ ವಿಮಾನಯಾನದ ನಿಯಂತ್ರಕ ಸಂಸ್ಥೆ ಡಿಜಿಸಿಎ ಕೈಗೆ ಬಂದಿದೆ. ಎರಡು ಇಲಾಖೆಗೆ ಅಲೆಯುವುದು ತಪ್ಪಿತು, ಒಳ್ಳೇದೇ ಆಯಿತು.

ಇನ್ನೊಂದು ವಿಷಯ. ಈ ಲೈಸೆನ್ಸಿನಲ್ಲಿ ಸಂಬಳಕ್ಕೆ ಹಾರಿಸುವ ಹಾಗಿಲ್ಲ. ಅದಕ್ಕೆ ಕಮರ್ಷಿಯಲ್ ಲೈಸೆನ್ಸ್ ಬೇಕು, 200 ಗಂಟೆ ಬೇಕು. ಟರ್ಬೊಪ್ರಾಪ್ ಎಂದ ಕೂಡಲೇ ಕಮರ್ಷಿಯಲ್ ಲೈಸೆನ್ಸ್ ಬೇಕೇನೋ ಎಂದು ಬಹಳ ಜನ ಅಂದುಕೊಂಡಿದ್ದಾರೆ. ಬೇಡ. ಇಂಜಿನ್ ಯಾವುದು ಎನ್ನುವುದು ಒಂದು ಪ್ರಶ್ನೆ, ದುಡ್ಡಿಗೆ ಹಾರಿಸುತ್ತೀರಾ ಎನ್ನುವುದು ಬೇರೆಯದೇ ಪ್ರಶ್ನೆ.

ಏಪ್ರಿಲ್

ಮೂರು ಕಡೆಯ ನಿಯಮ ಪಕ್ಕಪಕ್ಕ ಇಟ್ಟು ನೋಡಿದೆ.

ನಮ್ಮ ದೇಶದಲ್ಲಿ ಟರ್ಬೊಪ್ರಾಪ್ ಹಾರಿಸಬೇಕಾದರೆ ಆ ಮಾದರಿಯ ಹೆಸರು ಲೈಸೆನ್ಸಿಗೆ ಏರಬೇಕು. ಅದರ ತಾಂತ್ರಿಕ ಪರೀಕ್ಷೆ, ತರಬೇತಿ, ಪರೀಕ್ಷಕರ ಜೊತೆ ಹಾರಾಟ ಎಲ್ಲ ಆಗಬೇಕು. ಕ್ಯಾರವಾನ್ ಕಲಿತವರು ಪಿಸಿ-12 ಹತ್ತಿ ಹೊರಡುವ ಹಾಗಿಲ್ಲ.

ಅಮೆರಿಕದಲ್ಲಿ ಗೆರೆ ಎಳೆದಿರುವುದು ತೂಕದ ಮೇಲೆ. ಟೇಕಾಫ್ ತೂಕ 12,500 ಪೌಂಡ್, ಅಂದರೆ ಸುಮಾರು 5,670 ಕಿಲೋ ಮೀರಿದರೆ ಟೈಪ್ ರೇಟಿಂಗ್, ಅಂದರೆ ಆ ಒಂದು ಮಾದರಿಗೇ ಪಡೆಯುವ ಅನುಮತಿ, ಬೇಕು. ಜೆಟ್ ಆದರೆ ತೂಕ ಎಷ್ಟೇ ಇರಲಿ, ಬೇಕೇ ಬೇಕು. ಈ ಸಂಖ್ಯೆಯ ಮಹಿಮೆ ನೋಡಬೇಕಾದರೆ ಜೋಡಿ ಇಂಜಿನ್ನಿನ ಕಿಂಗ್ ಏರ್ ವಿಮಾನಗಳನ್ನು ನೋಡಿ. ಬಿ200 ಸರಿಯಾಗಿ 12,500 ಪೌಂಡಿಗೆ ನಿಂತಿದೆ, ಟೈಪ್ ರೇಟಿಂಗ್ ಬೇಡ. ಅದರ ಅಣ್ಣ 350 ವಿಮಾನ 15,000 ಪೌಂಡ್, ರೇಟಿಂಗ್ ಬೇಕು. ಕ್ಯಾರವಾನ್ 208ಬಿ 8,750 ಪೌಂಡ್, ಹಾಗಾಗಿ ನಾನು ಬಚಾವ್.

ಹಾಗಂತ ಕೀಲಿ ತಗೊಂಡು ಹೊರಡಬಹುದು ಎಂದಲ್ಲ. 200 ಅಶ್ವಶಕ್ತಿ ಮೀರಿದ ಇಂಜಿನ್ನಿಗೆ ಬೋಧಕರು ಕಲಿಸಿ ಲಾಗ್‌ಬುಕ್ಕಿನಲ್ಲಿ ಸಹಿ ಹಾಕಬೇಕು. ಚಕ್ರ ಮಡಚುವ ವಿಮಾನವಾದರೆ ಇನ್ನೊಂದು ಸಹಿ. ಒಳಗೆ ಗಾಳಿಯ ಒತ್ತಡ ತುಂಬಿಕೊಂಡು 25,000 ಅಡಿಗಿಂತ ಮೇಲೆ ಹೋಗಬಲ್ಲ ವಿಮಾನಕ್ಕೆ ಮತ್ತೊಂದು. ಕ್ಯಾರವಾನ್‌ಗೆ ಚಕ್ರ ಮಡಚುವುದಿಲ್ಲ, ಒತ್ತಡದ ಕ್ಯಾಬಿನ್ನೂ ಇಲ್ಲ. ಹಾಗಾಗಿ ಮೊದಲನೇ ಸಹಿ ಸಾಕು. ಪಿಸಿ-12 ಆದರೆ ಮೂರೂ ಬೇಕು.

ಯುರೋಪಿನವರ ದಾರಿ ಇನ್ನೊಂದು. ಒಂಟಿ ಇಂಜಿನ್ನಿನ ಟರ್ಬೊಪ್ರಾಪ್‌ಗಳಿಗೆ ಕ್ಲಾಸ್ ರೇಟಿಂಗ್, ಅಂದರೆ ವಿಮಾನದ ವರ್ಗಕ್ಕೆ ಸಿಗುವ ಅನುಮತಿ, ಕೊಡುತ್ತಾರೆ. ಕಿಂಗ್ ಏರ್ 90, 200ರಂಥ ಜೋಡಿ ಇಂಜಿನ್ನಿನವಕ್ಕೆ ಟೈಪ್ ರೇಟಿಂಗ್. ಅಮೆರಿಕದಲ್ಲಿ ಒಂದು ಸಹಿಯಲ್ಲಿ ಮುಗಿಯುವ ಕೆಲಸಕ್ಕೆ ಯುರೋಪಿನಲ್ಲಿ ಕೋರ್ಸು, ಪರೀಕ್ಷೆ ಎಲ್ಲ ಇದೆ. ನನಗೇನೋ ಯುರೋಪಿನವರದೇ ಸರಿ ಅನ್ನಿಸುತ್ತದೆ. ಭಾವನ ಹತ್ತಿರ ಇದನ್ನು ಹೇಳಲಿಲ್ಲ.

ನಮ್ಮ ಲೈಸೆನ್ಸ್ ಆಧಾರದ ಮೇಲೆ ಅಮೆರಿಕದವರು ಒಂದು ಖಾಸಗಿ ಪೈಲಟ್ ಸರ್ಟಿಫಿಕೇಟ್ ಕೊಡುತ್ತಾರೆ. ಅವರ ಕಾನೂನಿನಲ್ಲಿ ಅದು ನಿಯಮ 61.75. ಮೊದಲು ನಮ್ಮ ಲೈಸೆನ್ಸ್ ಅಸಲಿಯೇ ಎಂದು ಡಿಜಿಸಿಎಯನ್ನು ಕೇಳಿ ತಿಳಿದುಕೊಳ್ಳುತ್ತಾರೆ. ಆಮೇಲೆ ಅಲ್ಲಿನ ಬೋಧಕರ ಜೊತೆ ಒಂದು ಫ್ಲೈಟ್ ರಿವ್ಯೂ, ಅಂದರೆ ನಮ್ಮ ಕೈ ಹೇಗಿದೆ ಎಂದು ನೋಡುವ ಹಾರಾಟ. ಇಲ್ಲಿನ ಲೈಸೆನ್ಸ್ ಊರ್ಜಿತ ಇದ್ದರೆ ಮಾತ್ರ ಅಲ್ಲಿನದೂ ನಡೆಯುತ್ತದೆ. ಅರ್ಜಿ ಹೋಗಿದೆ.

ಮೇ

ಕಾರವಾರಕ್ಕೆ ಕೆಲಸದ ಮೇಲೆ ಹೋದವನು ಟಾಗೋರ್ ಕಡಲತೀರದಲ್ಲಿ ಇಳಿದೆ. ಚಪಲ್ ಯುದ್ಧನೌಕೆಯ ಪಕ್ಕ ಈಗ ನೌಕಾಪಡೆಯ ಹಳೇ ವಿಮಾನ ಟುಪೊಲೆವ್ ಟಿಯು-142 ನಿಂತಿದೆಯಲ್ಲ, ಅದನ್ನು ನೋಡಲು. ಎಲ್ಲರೂ ಅದರ ಉದ್ದ ನೋಡಿ ಬಾಯಿ ಬಿಡುತ್ತಾರೆ. ನನಗೆ ಬೇಕಾಗಿದ್ದು ರೆಕ್ಕೆಯ ಮುಂದಿನ ಪಂಖ.

ಜಿಲ್ಲೆಯಲ್ಲಿ ಹತ್ತಿರದಿಂದ ನೋಡಲು ಸಿಗುವ ಟರ್ಬೊಪ್ರಾಪ್ ಅದೊಂದೇ ಇರಬೇಕು. ಒಂದೊಂದು ಇಂಜಿನ್ನಿಗೂ ಒಂದರ ಹಿಂದೆ ಒಂದು ಎರಡು ಪ್ರೊಪೆಲ್ಲರ್, ಒಂದೊಂದಕ್ಕೆ ನಾಲ್ಕು ಎಲೆ. ಒಂದು ಎಡಕ್ಕೆ ತಿರುಗಿದರೆ ಇನ್ನೊಂದು ಬಲಕ್ಕೆ. ಬದಿಯಿಂದ ನೋಡಿದರೆ ಮುಂದಿನ ಸಾಲಿನ ಎಲೆಗಳ ತಿರುಚು ಒಂದು ಕಡೆಗೆ, ಹಿಂದಿನದು ತದ್ವಿರುದ್ಧ. ಒಳಗಿನ ಕುಜ್ನೆತ್ಸೊವ್ ಎನ್‌ಕೆ-12 ಇಂಜಿನ್ನಿನ ಶಕ್ತಿ 15,000 ಅಶ್ವಶಕ್ತಿಯ ಹತ್ತಿರ. ಕ್ಯಾರವಾನ್‌ನಲ್ಲಿರುವ ಪಿಟಿ6 ಬರೀ 675. ಒಂದು ಎನ್‌ಕೆ-12 ಅಂದರೆ 20ಕ್ಕೂ ಜಾಸ್ತಿ ಕ್ಯಾರವಾನ್!

ಈ ವಿಮಾನಗಳು 1988ರಲ್ಲಿ ನೌಕಾಪಡೆಗೆ ಬಂದಾಗ ಮೊದಲು ಇದ್ದದ್ದು ಇಲ್ಲೇ ಪಕ್ಕದ ಗೋವಾದ ದಾಬೋಳಿಯಲ್ಲಿ. ಆಮೇಲೆ ಅರಕ್ಕೋಣಕ್ಕೆ ಹೋದವು. 2017ರಲ್ಲಿ ನಿವೃತ್ತಿ.

ಎನ್‌ಕೆ-12ರಲ್ಲಿ ಟರ್ಬೈನ್, ಗಾಳಿ ಒತ್ತುವ ಕಂಪ್ರೆಸರ್, ಪ್ರೊಪೆಲ್ಲರ್ ಗೇರ್ ಎಲ್ಲ ಒಂದೇ ಶಾಫ್ಟಿಗೆ ಸೇರಿವೆ. ಪಿಟಿ6 ಹಾಗಲ್ಲ. ಗಾಳಿ ಹಿಂದಿನಿಂದ ಒಳಗೆ ಹೋಗಿ ಮುಂದಕ್ಕೆ ಹರಿಯುತ್ತದೆ, ಹೊಗೆ ಮೂತಿಯ ಹತ್ತಿರ ಹೊರಗೆ ಬರುತ್ತದೆ. ಕಂಪ್ರೆಸರ್ ತಿರುಗಿಸುವ ಟರ್ಬೈನ್ ಬೇರೆ, ಪ್ರೊಪೆಲ್ಲರ್ ತಿರುಗಿಸುವುದು ಬೇರೆ. ನಡುವೆ ಕಬ್ಬಿಣದ ಸಂಬಂಧ ಇಲ್ಲ, ಬಿಸಿ ಗಾಳಿಯ ಸಂಬಂಧ ಮಾತ್ರ. ಸ್ಟಾರ್ಟ್ ಮಾಡುವಾಗ ಒಳಗೆ ಇಂಜಿನ್ ಕೂಗಲು ಶುರುಮಾಡಿದರೂ ಪಂಖ ಇನ್ನೂ ಸುಮ್ನೆ ನಿಂತಿರುತ್ತದೆ. ಆ ವಿಡಿಯೋ ಎಷ್ಟು ಸಲ ನೋಡಿದರೂ ಬೇಜಾರಾಗಿಲ್ಲ.

ಜೂನ್

ಮಳೆ ಹಿಡಿಯಿತು. ಹಾರಾಟ ಬಂದ್. ಮರಗೆಲಸ ಶುರು.

ಊರಿನ ಬಡಗಿಯೊಬ್ಬರು ಹಲಸಿನ ಹಲಗೆಯಲ್ಲಿ ಲಿವರ್‌ಗಳ ಪೆಟ್ಟಿಗೆ ಮಾಡಿಕೊಟ್ಟರು. ಎಡಕ್ಕೆ ಪವರ್, ನಡುವೆ ಪ್ರೊಪೆಲ್ಲರ್, ಬಲಕ್ಕೆ ಇಂಧನದ ಲಿವರ್. ಪವರ್ ಲಿವರ್ ಐಡಲ್‌ಗೆ, ಅಂದರೆ ಇಂಜಿನ್ನಿನ ಕನಿಷ್ಠ ಓಟಕ್ಕೆ, ಬಂದು ನಿಲ್ಲಬೇಕು, ಅಲ್ಲಿಂದ ಎತ್ತಿ ಎಳೆದರೆ ಮಾತ್ರ ಹಿಂದಕ್ಕೆ, ರಿವರ್ಸ್ ಕಡೆಗೆ ಹೋಗಬೇಕು. ನೆಲ ಮುಟ್ಟಿದ ಮೇಲೆ ವೇಗ ತಗ್ಗಿಸಲು ಬಳಸುವಂಥದ್ದು ಅದು, ಗಾಳಿಯಲ್ಲಿ ಕೈತಪ್ಪಿ ಹೋಗಬಾರದು. ಬಡಗಿಗೆ ಇಷ್ಟು ಹೇಳಿದ್ದೇ, "ಓಹೋ, ಹಳೇ ಬಾಗಿಲ ಅಗುಳಿ ಹಂಗೆ" ಅಂದರು. ಅರ್ಧ ಗಂಟೆಯಲ್ಲಿ ಉಳಿಯಿಂದ ಕಚ್ಚು ಕೆತ್ತಿ ಕೊಟ್ಟರು. ಲಿವರ್ ಆ ಕಚ್ಚಿಗೆ ಬಂದು ಟಕ್ ಎಂದು ಕೂರುತ್ತದೆ. ಅಂಗಡಿಯ ಪ್ಲಾಸ್ಟಿಕ್ ಸಾಮಾನಿನಲ್ಲಿ ಈ ಶಬ್ದ ಎಲ್ಲಿ ಬರಬೇಕು?

ದಿನಾ ಸಂಜೆ ಇದರ ಮುಂದೆ ಕೂತು ಸ್ಟಾರ್ಟ್ ಅಭ್ಯಾಸ. ಬ್ಯಾಟರಿ ವೋಲ್ಟೇಜ್ ನೋಡು. ಸ್ಟಾರ್ಟರ್ ಹಾಕು. ಕಂಪ್ರೆಸರ್ ವೇಗ 12 ಶೇಕಡಾ ದಾಟಿ ನಿಲ್ಲುವವರೆಗೆ ಕಾಯಿ. ಆಮೇಲೆ ಇಂಧನ. ಕಣ್ಣು ಮಾತ್ರ ಟರ್ಬೈನ್ ತಾಪಮಾನದ ಮೇಲೆ. ಕ್ಯಾರವಾನ್‌ನಲ್ಲಿ ಸ್ಟಾರ್ಟ್ ಆಗುವಾಗ 1,090 ಡಿಗ್ರಿವರೆಗೆ ಹೋಗಬಹುದು, ಅದೂ ಎರಡೇ ಸೆಕೆಂಡ್. ಆಮೇಲೂ ಏರುತ್ತಿದ್ದರೆ ಇಂಧನ ಕಡಿದುಬಿಡು. ಬ್ಯಾಟರಿ ಸೋತಿದ್ದು ಕಂಪ್ರೆಸರ್ ನಿಧಾನವಾಗಿದ್ದರೆ ಒಳಗೆ ಗಾಳಿ ಕಮ್ಮಿ, ಬೆಂಕಿ ಜಾಸ್ತಿ. ಇಡೀ ಇಂಜಿನ್ ಹಾಳಾಗಲು ಕೆಲವೇ ಕ್ಷಣ ಸಾಕು. ಪಿಸ್ಟನ್ ಇಂಜಿನ್ ಇಷ್ಟು ನಿಷ್ಠುರ ಅಲ್ಲ.

ಆಯಿ ಬಾಗಿಲಲ್ಲಿ ನಿಂತು ನೋಡಿ, "ಅಲ್ದೋ ತಮಾ, ಆ ಹಲಗೆ ಎಳ್ದು ಎಳ್ದು ಎಂತ ಮಾಡ್ತೆ?" ಎಂದು ಕೇಳಿ ಒಳಗೆ ಹೋದರು.

ಈ ಅಭ್ಯಾಸಕ್ಕೆ ಲಾಗ್‌ಬುಕ್ಕಿನಲ್ಲಿ ಒಂದು ನಿಮಿಷವೂ ಸೇರುವುದಿಲ್ಲ. ಮನೆಯ ಸಿಮ್ಯುಲೇಟರ್ ಗಂಟೆಯೂ ಲೆಕ್ಕಕ್ಕಿಲ್ಲ. ಮಾನ್ಯತೆ ಪಡೆದ ಯಂತ್ರದಲ್ಲಿ, ಬೋಧಕರ ಜೊತೆ ಕಲಿತದ್ದಕ್ಕೆ ಮಾತ್ರ ಬೆಲೆ.

ಜುಲೈ

ಇಡೀ ಯೋಜನೆಯನ್ನು ತಿರುಗಿಸಿ ಹಾಕಿದ ತಿಂಗಳು.

ಇಷ್ಟು ದಿನ ಪಟ್ಟಿಯ ಮೇಲ್ತುದಿಯಲ್ಲಿ ಇದ್ದದ್ದು ಕ್ಯಾರವಾನ್ ತರಬೇತಿ. ಇನ್‌ಸ್ಟ್ರುಮೆಂಟ್ ರೇಟಿಂಗ್ ಕೆಳಗೆಲ್ಲೋ ಇತ್ತು. ಕಣ್ಣಿಗೆ ಕಾಣುವ ದಾರಿ ಬಿಟ್ಟು, ಮೋಡದೊಳಗೆ ಉಪಕರಣ ನೋಡಿಕೊಂಡೇ ಹಾರಲು ಕೊಡುವ ರೇಟಿಂಗ್ ಅದು. ಈಗ ಅದೇ ಮೊದಲು.

ಲೆಕ್ಕ ಹೀಗಿದೆ. ಕಣ್ಣಳತೆಯ ಹಾರಾಟಕ್ಕೆ ನಮ್ಮ ಎತ್ತರದಲ್ಲಿ 5 ಕಿಲೋಮೀಟರ್ ದೂರ ಕಾಣಬೇಕು. ಮೋಡದಿಂದ ಅಡ್ಡಕ್ಕೆ 1,500 ಮೀಟರ್, ಮೇಲೆ ಕೆಳಗೆ 300 ಮೀಟರ್ ಅಂತರ ಇರಬೇಕು. ಜುಲೈಯಲ್ಲಿ ದೇವಿಮನೆ ಘಟ್ಟದ ಮೇಲೆ ನಿಂತು ನೋಡಿ. ಮುಂದಿನ ಲಾರಿಯ ಹಿಂದೀಪ ಕಂಡರೆ ಪುಣ್ಯ. ಇನ್ನೂ ಇದೆ. ಭಾರತದಲ್ಲಿ ಕಣ್ಣಳತೆಯ ಹಾರಾಟ 15,000 ಅಡಿಯ ಮಟ್ಟ ದಾಟುವ ಹಾಗಿಲ್ಲ. ಸೂರ್ಯ ಮುಳುಗಿದ ಮೇಲೆ ಊರಿಂದ ಊರಿಗೆ ಹೋಗುವ ಹಾಗೂ ಇಲ್ಲ.

ಟರ್ಬೈನ್ ಇಂಜಿನ್ ಕೆಳಗೆ ಹಾರಿದಷ್ಟೂ ಇಂಧನ ಜಾಸ್ತಿ ಕುಡಿಯುತ್ತದೆ. ಪಿಸಿ-12 ಇರುವುದೇ 30,000 ಅಡಿವರೆಗೆ ಏರಿ ಮಳೆಮೋಡದ ತಲೆಯ ಹತ್ತಿರ ಹೋಗಲು. ಇನ್‌ಸ್ಟ್ರುಮೆಂಟ್ ರೇಟಿಂಗ್ ಇಲ್ಲದವನು ಅದನ್ನು ಕೆಳಗಿನ ಬಿಸಿಯಲ್ಲಿ, ದುಡ್ಡು ಸುಡುತ್ತಾ ಓಡಿಸಬೇಕು. ಯಾವ ಕಾನೂನಿನಲ್ಲೂ ಟರ್ಬೊಪ್ರಾಪ್‌ಗೆ ಈ ರೇಟಿಂಗ್ ಕಡ್ಡಾಯ ಎಂದು ನೇರವಾಗಿ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಆದರೆ ಅದಿಲ್ಲದೆ ಉಳಿದ ಸಹಿಗಳೆಲ್ಲ ಬೇಸಿಗೆ ಮಧ್ಯಾಹ್ನಕ್ಕೆ ಮಾತ್ರ.

ಇದಕ್ಕೆ ಬೇಕಾದದ್ದು ಮುಖ್ಯ ಪೈಲಟ್ ಆಗಿ 50 ಗಂಟೆ ದೂರದ ಹಾರಾಟ, 40 ಗಂಟೆ ಇನ್‌ಸ್ಟ್ರುಮೆಂಟ್ ಸಮಯ. ಈ ನಲವತ್ತರಲ್ಲಿ ಒಂದು ಭಾಗವನ್ನು ಮಾನ್ಯ ಸಿಮ್ಯುಲೇಟರಿನಲ್ಲಿ ಮಾಡಬಹುದು. ಅಮೆರಿಕದಲ್ಲೂ ಹೆಚ್ಚುಕಮ್ಮಿ ಇದೇ ಸಂಖ್ಯೆ. ಇಲ್ಲಿ ರೇಟಿಂಗ್ ಪಡೆದರೆ ಅಲ್ಲಿ ವಿದೇಶಿ ಪೈಲಟ್‌ಗಳಿಗೆ ಇರುವ ಒಂದು ಲಿಖಿತ ಪರೀಕ್ಷೆ ಬರೆದು ಆ ಸರ್ಟಿಫಿಕೇಟಿಗೂ ಸೇರಿಸಿಕೊಳ್ಳಬಹುದು. ಇಲ್ಲೇ ಮಾಡುವುದು ಎಂದು ತೀರ್ಮಾನ. ಬೆಳಗಾವಿಯಲ್ಲೂ ಕಲಬುರಗಿಯಲ್ಲೂ ತರಬೇತಿ ಶಾಲೆಗಳಿವೆ. ಶಿರಸಿಯವನಿಗೆ ಬೆಳಗಾವಿ ಹತ್ತಿರ.

ಆಗಸ್ಟ್

ಖರ್ಚಿನ ಬಗ್ಗೆ ಎರಡು ಮಾತು. ಸಣ್ಣ ಪಿಸ್ಟನ್ ವಿಮಾನಕ್ಕೆ ಬೇಕಾದ ಏವ್‌ಗ್ಯಾಸ್ ನಮ್ಮ ದೇಶದಲ್ಲಿ ಎಲ್ಲೆಂದರಲ್ಲಿ ಸಿಗುವುದಿಲ್ಲ. ಇಂಡಿಯನ್ ಆಯಿಲ್ 2022ರಿಂದ ಗುಜರಾತ್ ರಿಫೈನರಿಯಲ್ಲಿ ತಯಾರಿಸುತ್ತಿದೆ, ಅದಕ್ಕೂ ಮೊದಲು ಹೊರಗಿನಿಂದಲೇ ತರಿಸಬೇಕಿತ್ತು. ಟರ್ಬೊಪ್ರಾಪ್ ಕುಡಿಯುವುದು ದೊಡ್ಡ ಜೆಟ್‌ಗಳಿಗೆ ಹಾಕುವ ಇಂಧನವನ್ನೇ. ಹುಬ್ಬಳ್ಳಿಯಲ್ಲೂ ಸಿಗುತ್ತದೆ. ಇಂಜಿನ್ನಿನ ಬೆಲೆ ಕೇಳಿ ತಲೆ ತಿರುಗಿದವರಿಗೆ ಇದೊಂದೇ ಸಮಾಧಾನ.

ಭಾವನ ವಿಮಾ ಕಂಪನಿಯಿಂದ ಉತ್ತರ ಬಂತು. ಸರ್ಕಾರದ ನಿಯಮಕ್ಕಿಂತ ಇವರ ಪಟ್ಟಿಯೇ ಉದ್ದ! ಇನ್‌ಸ್ಟ್ರುಮೆಂಟ್ ರೇಟಿಂಗ್ ಇರಬೇಕು, ಕ್ಯಾರವಾನ್ ಸಿಮ್ಯುಲೇಟರ್ ಕೋರ್ಸ್ ಮುಗಿಸಿರಬೇಕು, ಆಮೇಲೂ ಕೆಲವು ಗಂಟೆ ಬೋಧಕರು ಪಕ್ಕದಲ್ಲಿ ಕೂತಿರಬೇಕು, ಪ್ರತಿ ವರ್ಷ ಮತ್ತೆ ಸಿಮ್ಯುಲೇಟರಿಗೆ ಬರಬೇಕು. ಕಾನೂನು ಬೇಡ ಅಂದ ಟೈಪ್ ರೇಟಿಂಗನ್ನು ಇವರು ಹಿಂಬಾಗಿಲಿನಿಂದ ತಂದಿದ್ದಾರೆ ಅನ್ನಬಹುದು. ನನಗೇನೂ ಸಿಟ್ಟು ಬರಲಿಲ್ಲ. 675 ಅಶ್ವಶಕ್ತಿಯ ವಿಮಾನಕ್ಕೆ ಒಂದು ಸಹಿ ಸಾಕು ಎನ್ನುವುದೇ ನನಗೆ ಸ್ವಲ್ಪ ಅತಿಯಾಗಿ ಕಂಡಿತ್ತು.

ಅಮೆರಿಕದ ಪರಿಶೀಲನೆಯ ಕಾಗದ ಇನ್ನೂ ಬಂದಿಲ್ಲ. ಬೆಳಗಾವಿಯಲ್ಲಿ ಮಳೆ ಕಮ್ಮಿಯಾದ ಕೂಡಲೇ ಸೀಟು ಕೊಡುತ್ತೇವೆ ಅಂದಿದ್ದಾರೆ. ಅಲ್ಲಿಯವರೆಗೆ ಹೋಲ್ಡಿಂಗ್ ಪ್ಯಾಟರ್ನ್ (ಸರದಿ ಕಾಯುತ್ತಾ ಆಕಾಶದಲ್ಲೇ ಸುತ್ತು ಹಾಕುವುದು) ಲೆಕ್ಕ ಬಿಡಿಸುತ್ತಾ ಇರುತ್ತೇನೆ. ಎದುರುಗಾಳಿ, ಅಡ್ಡಗಾಳಿ ಸೇರಿಸಿ ಮನಸ್ಸಿನಲ್ಲೇ ಮಾಡುವ ಲೆಕ್ಕ ಇನ್ನೂ ನಿಧಾನ. ಯಾರಿಗಾದರೂ ಸುಲಭದ ಉಪಾಯ ಗೊತ್ತಿದ್ದರೆ ಹೇಳಿ.